ಪ್ರಶ್ನೆ ಯಾರ ಕೈಯಲ್ಲಿದೆ?

ಹಣ ಕೊಟ್ಟು ಮತ ಕೊಳ್ಳುವುದು ತಪ್ಪು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಜನ ಯಾವ ವಿಷಯಕ್ಕೆ ಮತ ಹಾಕಬೇಕು ಎಂಬುದನ್ನೇ ಹಣ ನಿರ್ಧರಿಸತೊಡಗಿದರೆ? ಸ್ವಿಟ್ಜರ್ಲೆಂಡಿನ ಕ್ರಿಸ್ಟೋಫ್ ಬ್ಲೋಖರ್ ಅವರ ರಾಜಕೀಯವನ್ನು ನೋಡಿದಾಗಲೆಲ್ಲ ನನ್ನನ್ನು ಕಾಡುವುದು ಇದೇ.

ಬ್ಲೋಖರ್ ಪಾದ್ರಿಯ ಮಗ. ಬೇಸಾಯ ಕಲಿತು, ಆಮೇಲೆ ಕಾನೂನು ಓದಿದವರು. ತಾವು ಕೆಲಸಕ್ಕಿದ್ದ ಎಮ್ಸ್ ರಾಸಾಯನಿಕ ಕಂಪನಿಯ ಒಡೆತನವನ್ನು 1983ರಲ್ಲಿ ಕೈಗೆ ತೆಗೆದುಕೊಂಡು ಮಹಾ ಶ್ರೀಮಂತರಾದರು. ಅಷ್ಟರಲ್ಲಿ ಸಂಸತ್ತಿಗೂ ಬಂದಿದ್ದರು. ರೈತರ, ಸಣ್ಣ ಕಸುಬುದಾರರ ಪಕ್ಷವಾಗಿದ್ದ ಸ್ವಿಸ್ ಪೀಪಲ್ಸ್ ಪಾರ್ಟಿ ಅವರ ಪ್ರಭಾವದಲ್ಲಿ ವಲಸಿಗರನ್ನೂ ಯೂರೋಪ್ ಒಕ್ಕೂಟವನ್ನೂ ವಿರೋಧಿಸುವ ಬಲಪಂಥೀಯ ಪಕ್ಷವಾಗಿ ಬೆಳೆಯಿತು.

1992ರ ಡಿಸೆಂಬರ್ 6ರಂದು, ಯೂರೋಪಿನ ಆರ್ಥಿಕ ವಲಯಕ್ಕೆ ಸೇರಬೇಕೇ ಎಂದು ಜನಮತ ಕೇಳಲಾಯಿತು. ಸರ್ಕಾರ ಸೇರಬೇಕೆಂದಿತು, ಸಂಸತ್ತಿನ ಬಹುಮತವೂ ದೊಡ್ಡ ಉದ್ಯಮವೂ ಹಾಗೆಯೇ ಹೇಳಿದವು. ಬ್ಲೋಖರ್ ಊರೂರು ತಿರುಗಿ ಬೇಡವೆಂದರು. ಶೇ. 50.3ರಷ್ಟು ಮತದಾರರು ಬೇಡವೆಂದೇ ತೀರ್ಪಿತ್ತರು. ಇವರೆಲ್ಲ ಹಣಕ್ಕೆ ಮರುಳಾದವರು ಎನ್ನುವುದು ಜನರಿಗೆ ಮಾಡುವ ಅವಮಾನ. ತಮ್ಮ ಊರಿನ ಮಾತು ದೂರದ ಕಚೇರಿಯಲ್ಲಿ ನಡೆಯದೇ ಹೋದೀತೆಂಬ ಅವರ ಆತಂಕ ನಿಜವಾದದ್ದು. ಅದನ್ನು ಬ್ಲೋಖರ್ ಹುಟ್ಟಿಸಲಿಲ್ಲ.

ಹಣದ ಕೆಲಸ ಬೇರೆಯೇ. ಜನರಿಗೆ ಹತ್ತಾರು ಆತಂಕಗಳಿರುತ್ತವೆ: ಬಾಡಿಗೆ, ಆಸ್ಪತ್ರೆ ಖರ್ಚು, ಮುಪ್ಪು. ಅವುಗಳಲ್ಲಿ ಯಾವುದು ಗೋಡೆಗೋಡೆಯ ಮೇಲೆ ರಾರಾಜಿಸಬೇಕು, ಅದಕ್ಕೆ ಯಾರನ್ನು ಹೊಣೆ ಮಾಡಬೇಕು ಎಂಬುದನ್ನು ಹಣ ತೀರ್ಮಾನಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 18 ತಿಂಗಳಲ್ಲಿ 1 ಲಕ್ಷ ಸಹಿ ಸಂಗ್ರಹಿಸಿದರೆ ಸಂವಿಧಾನದ ತಿದ್ದುಪಡಿಯನ್ನೇ ಜನರ ಮುಂದಿಡಬಹುದು. ಈ ಹಕ್ಕು ಎಲ್ಲ ಪ್ರಜೆಗಳದು. ಸಹಿ ಸಂಗ್ರಹಿಸುವ, ದೇಶದ ತುಂಬ ಭಿತ್ತಿಪತ್ರ ಹಚ್ಚುವ ಶಕ್ತಿ ಮಾತ್ರ ಎಲ್ಲರದಲ್ಲ. 2007ರ ಚುನಾವಣೆಯಲ್ಲಿ ಆ ಪಕ್ಷ ಹಚ್ಚಿದ ಚಿತ್ರದಲ್ಲಿ ಬಿಳಿ ಕುರಿಯೊಂದು ಕಪ್ಪು ಕುರಿಯನ್ನು ಸ್ವಿಸ್ ಧ್ವಜದಿಂದಾಚೆಗೆ ಒದೆಯುತ್ತಿತ್ತು. ಆ ಒದೆತ ಯಾರನ್ನು ಉದ್ದೇಶಿಸಿತ್ತೋ ಆ ವಿದೇಶಿಯರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕೇ ಇಲ್ಲ. ತಮ್ಮ ಬಗ್ಗೆಯೇ ಕೇಳಿದ ಪ್ರಶ್ನೆಗೆ ಉತ್ತರಿಸುವ ಅವಕಾಶವೂ ಅವರಿಗಿರಲಿಲ್ಲ. ಇದು ನೀಚ ರಾಜಕೀಯ. ಬಹುಮತ ಬಂದರೂ ಅದು ಶುದ್ಧವಾಗುವುದಿಲ್ಲ.

2003ರಲ್ಲಿ ಮಂತ್ರಿಯಾಗಿ ಆರಿಸಿದ್ದ ಬ್ಲೋಖರ್ ಅವರನ್ನು ಸಂಸತ್ತು 2007ರ ಡಿಸೆಂಬರಿನಲ್ಲಿ ಮತ್ತೆ ಆರಿಸಲಿಲ್ಲ. ಹಲವರು ಸಂಭ್ರಮಿಸಿದರು. ಆದರೆ ಹೋದದ್ದು ಕುರ್ಚಿ. ಪ್ರಶ್ನೆ ಕೇಳುವ ಬಲ ಪಕ್ಷದ ಕೈಯಲ್ಲೇ ಉಳಿಯಿತು. ವಲಸೆಗೆ ಮಿತಿ ಹಾಕಬೇಕೆಂಬ ಅದರ ಪ್ರಸ್ತಾವಕ್ಕೆ 2014ರಲ್ಲಿ ಮತ್ತೆ ಶೇ. 50.3 ಮತ ಬಿತ್ತು, ಈ ಸಲ ಪರವಾಗಿ.

ಕುರ್ಚಿ ಕಸಿಯುವುದಕ್ಕಿಂತ ಮೊದಲು ಹಣದ ಲೆಕ್ಕ ಕೇಳಬೇಕಿತ್ತು. ದೊಡ್ಡ ದೇಣಿಗೆಗಳನ್ನು ಬಹಿರಂಗಪಡಿಸಬೇಕೆಂಬ ಕಾನೂನು ಆ ದೇಶದಲ್ಲಿ ರಾಷ್ಟ್ರಮಟ್ಟದಲ್ಲಿ ಜಾರಿಗೆ ಬಂದದ್ದು 2022ರಲ್ಲಿ, 1992ರ ಆ ಮತದಾನವಾಗಿ 30 ವರ್ಷಗಳಾಗುತ್ತಿದ್ದ ಹೊತ್ತಿಗೆ.