ಕೇಳದೆ ಹೋಗುವುದು, ಕೇಳದೆ ಹೇಳುವುದು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ಬರುವ ನೆಂಟರಲ್ಲಿ ಹಿಂದೆ ಮೂರು ಬಗೆಯವರಿದ್ದರು. ಮದುವೆಯ ಸೀರೆ ಕೊಳ್ಳಲು ಬರುವವರು, ಮಗನಿಗೊಂದು ಕೆಲಸ ಹುಡುಕಲು ಬರುವವರು, ಪರೇಲಿನ ಟಾಟಾ ಆಸ್ಪತ್ರೆಗೆ ತೋರಿಸಲು ಬರುವವರು. ಸೀರೆಯೂ ಕೆಲಸವೂ ಈಗ ಬೆಂಗಳೂರಿನಲ್ಲೇ ಸಿಗುವುದರಿಂದ ಮೊದಲ ಎರಡು ಬಗೆಯವರು ಕಡಿಮೆಯಾಗಿದ್ದಾರೆ. ಮೂರನೆಯವರು ಮಾತ್ರ ಬರುತ್ತಲೇ ಇದ್ದಾರೆ. 1941ರಲ್ಲಿ ಆರಂಭವಾದ ಆ ಆಸ್ಪತ್ರೆಯ ಹೆಸರು ನಮ್ಮ ಹಳ್ಳಿಗಳಿಗೂ ಮುಟ್ಟಿದೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿದ ಮೇಲೂ, ‘ಒಂದು ಸಲ ಮುಂಬಯಿಯಲ್ಲಿ ತೋರಿಸಿಬಿಡೋಣ’ ಎಂಬ ಮಾತು ನಿಂತಿಲ್ಲ. ಹಾಗೆ ಬಂದವರಿಗೆ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಹಾಸಿಗೆ ಹಾಸಿ, ಬೆಳಗಿನ ಲೋಕಲ್ ಗಾಡಿ ಹತ್ತಿಸಿ, ಆಸ್ಪತ್ರೆಯ ಸಾಲಿನಲ್ಲಿ ಫೈಲು ಹಿಡಿದು ನಿಂತು ನಮಗೆಲ್ಲ ಅಭ್ಯಾಸವಾಗಿದೆ.

ನಾವು ಎಂದರೆ ಮಾಟುಂಗಾ, ಸಯನ್, ದಾದರ್ ಕಡೆಯ ಐದು ಮಂದಿ ಗೆಳತಿಯರು. ಸಂಘದ ಮಹಿಳಾ ವಿಭಾಗದಲ್ಲಿ ಪರಿಚಯವಾಗಿ, ಸಂಕ್ರಾಂತಿಯ ಎಳ್ಳಿನಿಂದ ಮಕ್ಕಳ ಮದುವೆಯವರೆಗೆ ಒಬ್ಬರ ಮನೆಗೊಬ್ಬರು ಓಡಾಡಿಕೊಂಡಿರುವವರು. ನಾಲ್ಕು ವರ್ಷಗಳ ಹಿಂದೆ ಆ ಕಾಯಿಲೆ ನಮ್ಮಲ್ಲೇ ಒಬ್ಬರಿಗೆ ಬಂತು. ‘ಆ ಕಾಯಿಲೆ’ ಎನ್ನುವುದು ನಮ್ಮ ಜನರ ರೂಢಿ. ಆಕೆ ಮಾತ್ರ ಮೊದಲ ದಿನದಿಂದಲೂ ಸ್ತನ ಕ್ಯಾನ್ಸರ್ ಎಂದೇ ಹೇಳಿದರು. ಅಂದಿನಿಂದ ನಮ್ಮ ನಡುವೆ ಅನೇಕ ಚರ್ಚೆಗಳು ನಡೆದಿವೆ. ಅವುಗಳಲ್ಲಿ ಕೆಲವನ್ನು ಓದುಗರ ಮುಂದಿಡುವ ಮನಸ್ಸಾಗಿದೆ, ಏಕೆಂದರೆ ಅವು ನಮ್ಮ ಐವರ ಚರ್ಚೆಗಳಷ್ಟೇ ಅಲ್ಲ. ಭಾರತದ ಹೆಂಗಸರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ 1 ಲಕ್ಷ 90 ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಇದು ಪತ್ತೆಯಾಯಿತು. ಈ ಪತ್ರಿಕೆ ಹೋಗುವ ಮನೆಗಳಲ್ಲೂ ಅಂಥವರು ಇದ್ದೇ ಇರುತ್ತಾರೆ.

ಮೊದಲ ಪ್ರಶ್ನೆ ಎದ್ದದ್ದು ಒಂದು ರವಿಕೆಯ ಕಾರಣದಿಂದ. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಕಳೆದಿರಲಿಲ್ಲ. ಆಕೆ ದರ್ಜಿಯ ಬಳಿ ಕುಳಿತು, ಎಡಗಡೆ ಒಳಗೊಂದು ಜೇಬು ಇಟ್ಟು ಹೊಲಿಯುವುದು ಹೇಗೆಂದು ಅರ್ಧ ಗಂಟೆ ವಿವರಿಸಿದರಂತೆ. ಇದನ್ನು ಕೇಳಿದ ಹಿರಿಯರೊಬ್ಬರು, ‘ಜೀವ ಉಳಿದದ್ದೇ ದೊಡ್ಡದು, ಈಗ ಶೋಕಿ ಯಾಕಮ್ಮ?’ ಎಂದರು. ಕೇಡಿನ ಮಾತಲ್ಲ ಅದು. ಆದರೆ ಆ ಪ್ರಶ್ನೆಯೊಳಗೆ ಒಂದು ನಂಬಿಕೆ ಅಡಗಿದೆ: ಸಾವಿನ ಹತ್ತಿರ ಹೋಗಿ ಬಂದವರು ಉಡುಗೆ ತೊಡುಗೆ, ತಿರುಗಾಟ, ನಗು ಹರಟೆಗಳನ್ನು ಹಗುರವೆಂದು ಬಿಟ್ಟುಬಿಡಬೇಕು ಎಂಬ ನಂಬಿಕೆ.

ಹಿಂದೆ ಹಾಗೆ ಯೋಚಿಸುವುದಕ್ಕೆ ಕಾರಣವಾದರೂ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ವೈದ್ಯರು ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದರು. ಅದರ ನಂತರವೂ ಎಷ್ಟೋ ಮಂದಿ ಹೆಚ್ಚು ಕಾಲ ಬಾಳುತ್ತಿರಲಿಲ್ಲ. 1981ರಲ್ಲಿ ಮಿಲಾನ್ ನಗರದಿಂದ, 1985ರಲ್ಲಿ ಅಮೆರಿಕದಿಂದ ಬಂದ ಸಂಶೋಧನೆಗಳು, ಗಂಟು ಸಣ್ಣದಿರುವಾಗ ಅದನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಪ್ರಾಣ ಉಳಿಯುವ ಸಂಭವದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿದವು. ಔಷಧಗಳೂ ಬೆಳೆದವು. ಮೊದಲೇ ಪತ್ತೆಯಾದವರು ಇಂದು ಹತ್ತು, ಇಪ್ಪತ್ತು ವರ್ಷ ಬಾಳುವುದು ಸಾಮಾನ್ಯ. ರೋಗ ಬೇರೆ ಅಂಗಗಳಿಗೆ ಹರಡಿದವರು ಕೂಡ ಔಷಧದ ಬಲದಿಂದ ಕೆಲವು ವರ್ಷ ಸಂಸಾರ ನಡೆಸುವುದುಂಟು. ಅಷ್ಟು ವರ್ಷಗಳ ಬಾಳನ್ನು ಒಬ್ಬರು ಬರೀ ‘ಉಳಿದುಕೊಂಡು’ ಕಳೆಯಲು ಸಾಧ್ಯವೇ? ಉಳಿದ ಮೇಲೆ ಉಣ್ಣಬೇಕು, ಉಡಬೇಕು, ಮದುವೆ ಮುಂಜಿಗಳಿಗೆ ಹೋಗಬೇಕು. ರವಿಕೆಯ ಜೇಬು ಅಲ್ಲಿಂದಲೇ ಆರಂಭವಾಗುತ್ತದೆ.

ಕೂದಲಿನ ವಿಷಯ ಇದಕ್ಕಿಂತ ಕಠಿಣ. ಕೆಂಪು ಬಣ್ಣದ ಒಂದು ಔಷಧವಿದೆ. ಅದರ ಮೊದಲ ಡೋಸು ಏರಿಸಿ ಎರಡು ಮೂರು ವಾರಗಳಲ್ಲಿ ಬಾಚಣಿಗೆಗೆ ಕೂದಲು ಹಿಡಿ ಹಿಡಿಯಾಗಿ ಬರತೊಡಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬೆಳೆಯುತ್ತದೆಂದು ವೈದ್ಯರು ಮೊದಲೇ ಹೇಳಿರುತ್ತಾರೆ. ಆದರೆ ನಮ್ಮಲ್ಲಿ ಹೆಣ್ಣಿನ ಬೋಳುತಲೆಗೆ ಎರಡೇ ಅರ್ಥವಿದ್ದವು. ಒಂದು, ತಿರುಪತಿಯಲ್ಲಿ ಮುಡಿ ಕೊಟ್ಟದ್ದು. ಇನ್ನೊಂದನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಅದರ ಚಲನಚಿತ್ರ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಪತಿ ಪಕ್ಕದಲ್ಲಿ ಕುಳಿತಿದ್ದರೂ ನಮ್ಮ ಗೆಳತಿಯ ಅತ್ತೆಯವರಿಗೆ ಸೊಸೆಯ ತಲೆ ನೋಡಿ ಕಣ್ಣೀರು ತಡೆಯಲಾಗಲಿಲ್ಲ. ಅವರಿಗಾಗಿ ಆಕೆ ಟೋಪನ್ನು ತರಿಸಿದರು. ತಿರುಪತಿಯ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ, ಟೋಪನ್ನು ಮಾಡುವವರಿಗೆ ಅದೇ ಹೋಗುತ್ತದೆ ಎಂದು ತಿಳಿದಾಗ, ‘ಹಾಗಾದರೆ ಇದು ಯಾರದೋ ಹರಕೆ, ನನ್ನ ತಲೆಗೆ ಬಂತು’ ಎಂದು ಆಕೆ ನಕ್ಕರು. ಮನೆಯಲ್ಲಿ ಅತ್ತೆಯೆದುರು ಟೋಪನ್ನು, ನಮ್ಮ ಜೊತೆ ಹತ್ತಿಯ ಸ್ಕಾರ್ಫು, ಸೆಕೆ ಹೆಚ್ಚಾದರೆ ಅದೂ ಇಲ್ಲ. ಬಳೆಯದೂ ಇಂಥದೇ ಕಥೆ. ಕಂಕುಳಿನ ಗ್ರಂಥಿ ತೆಗೆದ ಕೈ ಊದಿಕೊಳ್ಳುವ ಸಂಭವವಿರುವುದರಿಂದ ಆ ಕೈಗೆ ಬಿಗಿ ಬಳೆ ಬೇಡವೆನ್ನುತ್ತಾರೆ. ಮುತ್ತೈದೆಯ ಕೈ ಬರಿದಾಗಬಾರದೆಂದು ಮನೆಯವರೆಂದರು. ಆಕೆ ಬಲಗೈಗೆ ಒಂದು ಡಜನ್ ಗಾಜಿನ ಬಳೆ ಏರಿಸಿ ಎಡಗೈ ಖಾಲಿ ಬಿಟ್ಟರು. ಈಗ ನಮ್ಮ ಪೈಕಿ ಇನ್ನಿಬ್ಬರು ಯಾವ ಕಾರಣವೂ ಇಲ್ಲದೆ ಹಾಗೇ ತೊಡುತ್ತಾರೆ.

ಈ ಮುಚ್ಚುವುದು, ಬಿಚ್ಚುವುದು ಯಾರ ನಿರ್ಧಾರ? ಅಮೆರಿಕದ ಕಪ್ಪು ಜನಾಂಗದ ಕವಯಿತ್ರಿ ಆಡ್ರಿ ಲಾರ್ಡ್ ಅವರಿಗೆ 1978ರಲ್ಲಿ ಒಂದು ಸ್ತನ ತೆಗೆಯಬೇಕಾಯಿತು. ಕೃತಕ ಸ್ತನ ಧರಿಸದೆ ಅವರು ವೈದ್ಯರಲ್ಲಿಗೆ ಹೋದಾಗ, ಹೀಗೆ ಬಂದರೆ ಇಲ್ಲಿನವರ ಮನೋಸ್ಥೈರ್ಯ ಕೆಡುತ್ತದೆ ಎಂದು ಅಲ್ಲಿನ ದಾದಿ ಆಕ್ಷೇಪಿಸಿದಳು. 1980ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಲಾರ್ಡ್ ಇದನ್ನು ಬರೆದು, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಇಸ್ರೇಲಿನ ಮೋಶೆ ದಯಾನ್ ಅವರ ಕಪ್ಪು ಪಟ್ಟಿಯನ್ನು ನೆನೆಯುತ್ತಾರೆ. ಆತನಿಗೆ ಗಾಜಿನ ಕಣ್ಣು ಇಟ್ಟುಕೊ, ನೋಡುವವರಿಗೆ ಕಷ್ಟವಾಗುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ ಎಂಬುದು ಅವರ ವಾದ. ವಾದ ಸರಿಯಾದದ್ದೇ. ಆದರೆ ಅದನ್ನೇ ಎಳೆದು, ಮುಚ್ಚಿಕೊಳ್ಳುವವರೆಲ್ಲ ಅಳುಕಿನವರು ಎಂದರೆ ನಾವು ಒಪ್ಪುವುದಿಲ್ಲ. ಮುಂಬಯಿಯ ಲೋಕಲ್ ಗಾಡಿಯಲ್ಲಿ ದಿನಾ ನೂರು ಕಣ್ಣುಗಳ ಮುಂದೆ ನಿಲ್ಲುವವಳಿಗೆ, ಇವತ್ತು ಯಾರೂ ನನ್ನನ್ನು ಗಮನಿಸದಿರಲಿ ಎಂದು ಬಯಸುವ ಹಕ್ಕೂ ಇದೆ. ನೂಲಿನಲ್ಲಿ ಹೆಣೆದ ಹಗುರವಾದ ಕೃತಕ ಸ್ತನಗಳನ್ನು ಇಂದು ಸ್ವಯಂಸೇವಕಿಯರು ಹೆಣೆದು ಉಚಿತವಾಗಿ ಹಂಚುತ್ತಾರೆ. ಅವನ್ನು ಪಡೆಯುವವರಾರೂ ಸುಳ್ಳು ಹೇಳುತ್ತಿಲ್ಲ.

ಈಚಿನ ದಿನಗಳಲ್ಲಿ ಇನ್ನೊಂದು ಒತ್ತಾಯ ಬಂದಿದೆ. ಗುಲಾಬಿ ರಿಬ್ಬನ್ನು, ‘ಯೋಧೆ’ ಎಂಬ ಬಿರುದು, ಯಾವಾಗಲೂ ನಗುಮುಖ. ಹಿಂದೆ ರೋಗಿ ಅಳುತ್ತಲೇ ಇರಬೇಕಿತ್ತು, ಈಗ ನಗುತ್ತಲೇ ಇರಬೇಕು. ಸೂಸನ್ ಸೊಂಟಾಗ್ ಎಂಬ ಲೇಖಕಿ, ತಮಗೇ ಸ್ತನ ಕ್ಯಾನ್ಸರ್ ಆದ ಮೇಲೆ 1978ರಲ್ಲಿ ಬರೆದ ಪುಸ್ತಕದಲ್ಲಿ, ರೋಗಕ್ಕೆ ನಾವು ಅಂಟಿಸುವ ಇಂಥ ರೂಪಕಗಳೇ ರೋಗಿಗೆ ಇನ್ನೊಂದು ಹೊರೆ ಎಂದು ತೋರಿಸಿದರು. ಯುದ್ಧವೆಂದ ಮೇಲೆ ಸೋತವಳು ಸರಿಯಾಗಿ ಕಾದಾಡಲಿಲ್ಲವೆಂದೇ ಅರ್ಥವಾಗುತ್ತದೆ. ನಮ್ಮ ಗೆಳತಿಯ ಚಿಕಿತ್ಸೆಯ ಕಾಲದಲ್ಲಿ ಪಕ್ಕದ ಮಂಚದಲ್ಲಿದ್ದ ವಿಜಾಪುರ ಕಡೆಯ ಹೆಣ್ಣುಮಗಳು ತೀರಿಕೊಂಡಳು. ಅವಳು ಯಾವುದರಲ್ಲಿ ಕಡಿಮೆ ಬಿದ್ದಳು?

ಗೆಳೆತನದ ವಿಷಯಕ್ಕೆ ಬರೋಣ. ಗ್ರೀಸಿನ ಅರಿಸ್ಟಾಟಲ್ ನೀತಿಶಾಸ್ತ್ರದ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಇದರ ಬಗ್ಗೆ ಒಂದು ಸೂಕ್ಷ್ಮ ಮಾತು ಹೇಳಿದ್ದಾನೆ. ಸುಖದಲ್ಲಿ ಗೆಳೆಯರನ್ನು ಬೇಗ ಕರೆಯಬೇಕು, ಕಷ್ಟದಲ್ಲಿ ಕರೆಯಲು ಹಿಂಜರಿಯಬೇಕು. ಆದರೆ ಗೆಳೆಯ ಕಷ್ಟದಲ್ಲಿದ್ದಾಗ ಕರೆಯದೆಯೂ ಹೋಗಬೇಕು ಎಂಬುದು ಅದರ ತಾತ್ಪರ್ಯ. ಈ ಎರಡು ಮಾತು ಒಟ್ಟಿಗೆ ಸೇರಿದರೇ ಅದಕ್ಕೆ ಅರ್ಥ. ಕಷ್ಟದಲ್ಲಿರುವವಳು ಕರೆಯುವುದಿಲ್ಲ ಎಂದ ಮೇಲೆ, ಹೋಗುವ ಭಾರವೆಲ್ಲ ಇನ್ನೊಬ್ಬಳ ಮೇಲೆ. ಮುಂಬಯಿಯಲ್ಲಿ ನಾವು ಫೋನು ಮಾಡದೆ ಯಾರ ಮನೆಗೂ ಹೋಗದ ನಾಗರಿಕತೆ ಕಲಿತಿದ್ದೇವೆ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಫೋನಿನಲ್ಲಿ ಹೇಳಿ ಕರ್ತವ್ಯ ಮುಗಿಸುತ್ತೇವೆ. ಬೇಕಾದದ್ದನ್ನು ಯಾರೂ ಹೇಳುವುದಿಲ್ಲ. ಗುರುವಾರ ಬೆಳಗ್ಗೆ ಏಳಕ್ಕೆ ಟ್ಯಾಕ್ಸಿ ತರುತ್ತೇನೆ ಎನ್ನುವವಳು ಬೇರೆ.

ಆದರೆ ಕೇಳದೆ ಹೋಗಬಹುದೇ ಹೊರತು ಕೇಳದೆ ಹೇಳಬಾರದು. ಈ ವ್ಯತ್ಯಾಸ ಅರಿಸ್ಟಾಟಲನಿಗೆ ಬೇಕಾಗಿರಲಿಲ್ಲವೇನೋ. ನಮ್ಮ ಬಂಧುಬಳಗವನ್ನು ಆತ ಕಂಡಿರಲಿಲ್ಲ. ಸಕ್ಕರೆ ಬಿಡಿ, ಹಾಲು ಬಿಡಿ, ಇಂಥ ಊರಿನಲ್ಲಿ ಬೇರು ಕೊಡುವವರಿದ್ದಾರೆ, ಆಪರೇಷನ್ನು ಮಾಡಿಸಿದರೆ ಹರಡುತ್ತದಂತೆ. ಕೊನೆಯ ಮಾತಂತೂ ಪ್ರಾಣ ತೆಗೆಯುವಂಥದು. ಅದನ್ನು ನಂಬಿ ತಿಂಗಳುಗಟ್ಟಲೆ ತಡಮಾಡಿ, ಗಂಟು ಹುಣ್ಣಾದ ಮೇಲೆ ಪರೇಲಿಗೆ ಬಂದವರನ್ನು ನಾವು ಕಂಡಿದ್ದೇವೆ. ಇನ್ನು ಕೆಲವರು ‘ಏನು ಕರ್ಮವೋ’ ಎಂದು ನಿಟ್ಟುಸಿರು ಬಿಡುತ್ತಾರೆ. ಸಹಾನುಭೂತಿಯೆಂದೇ ಅವರು ತಿಳಿದಿದ್ದರೂ ಅದು ಆರೋಪ. ಕಾರಣ ಹುಡುಕುವ ಕೆಲಸವನ್ನು ರೋಗಶಾಸ್ತ್ರದವರಿಗೆ ಬಿಡುವುದು ಲೇಸು.

ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಲೇಖಕಿಯ ವಿಷಯ ನಮ್ಮಂಥ ಪರಊರಿನವರಿಗೆ ಹೆಚ್ಚು ಹತ್ತಿರದ್ದೆನಿಸುತ್ತದೆ. 1811ರಲ್ಲಿ, ಊರು ಬಿಟ್ಟು ಪ್ಯಾರಿಸಿನಲ್ಲಿದ್ದಾಗ, ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ ಆಕೆಯ ಸ್ತನವನ್ನು ಕೊಯ್ದು ತೆಗೆದರು. ಗಂಡ ಆ ಹೊತ್ತಿಗೆ ಮನೆಯಲ್ಲಿರದಂತೆ ತಾವೇ ಏರ್ಪಾಡು ಮಾಡಿದ್ದರು. ಮರುವರ್ಷ ಇಂಗ್ಲೆಂಡಿನಲ್ಲಿದ್ದ ಅಕ್ಕ ಎಸ್ತರಳಿಗೆ ದೀರ್ಘ ಪತ್ರ ಬರೆದು ಎಲ್ಲವನ್ನೂ ತಿಳಿಸಿದರು. ಆ ಬಳಿಕ 1840ರವರೆಗೂ ಬದುಕಿದ್ದರು. ಗಂಡನಿಂದ ಮರೆಸಿದ್ದನ್ನು ಅಕ್ಕನಿಗೆ ಬರೆದದ್ದೇಕೆ? ಎದುರಿಗಿದ್ದವರನ್ನು ಕಾಪಾಡಬೇಕಾಗುತ್ತದೆ, ದೂರದಲ್ಲಿದ್ದವರಿಗೆ ಹೇಳಿಕೊಳ್ಳಬಹುದು. ನಮ್ಮ ಗೆಳತಿಯೂ ಮಗಳ ಮುಂದೆ ಎಂದೂ ಅತ್ತವರಲ್ಲ. ಅಳು ಬಂದರೆ ನಮ್ಮಲ್ಲೊಬ್ಬರ ಅಡಿಗೆಮನೆಗೆ ಬರುತ್ತಿದ್ದರು.

ಆದರೆ ಬರೀ ಅಳಿಸಿಕೊಳ್ಳುವುದಕ್ಕೂ ಮಿತಿಯುಂಟು. ಗೆಳೆತನದಲ್ಲಿ ಸಮಾನತೆ ಬೇಕು. ಒಬ್ಬರು ಕೊಡುತ್ತಲೇ, ಇನ್ನೊಬ್ಬರು ಪಡೆಯುತ್ತಲೇ ಇದ್ದರೆ ಅದು ಕ್ರಮೇಣ ದಾನವಾಗುತ್ತದೆ. ಎರಡನೆಯ ಸುತ್ತಿನ ಔಷಧದ ನಂತರ ಆಕೆ ಒಂದು ದಿನ ರೇಗಿದರು: ‘ನನ್ನ ಜೊತೆ ಯಾರೂ ಜಗಳವಾಡುತ್ತಿಲ್ಲ. ನಾನು ಸತ್ತೇ ಹೋದೆನೇ?’ ಆ ಮೇಲೆ ನಾವು ಹುಳಿಯಲ್ಲಿ ಉಪ್ಪು ಹೆಚ್ಚಾದರೆ ಹೆಚ್ಚಾಯಿತೆಂದೇ ಹೇಳತೊಡಗಿದೆವು. ನಮ್ಮ ಮಕ್ಕಳ ಸಂಬಂಧ ಕುದುರಿಸುವಾಗ ಆಕೆಯ ಅಭಿಪ್ರಾಯ ಕೇಳಿದೆವು, ಕೇಳಿ ತಿರಸ್ಕರಿಸಿಯೂ ಬಿಟ್ಟೆವು.

ಪ್ರವಾಸದ ಪ್ರಶ್ನೆಯಲ್ಲಿ ಮಾತ್ರ ನಮ್ಮಲ್ಲಿ ನಿಜವಾದ ಭಿನ್ನಾಭಿಪ್ರಾಯ ಬಂತು. ಕಳೆದ ವರ್ಷ ರೋಗ ಮೂಳೆಗೆ ಹರಡಿದೆಯೆಂದು ತಿಳಿಯಿತು. ಈಗಿನ ಚಿಕಿತ್ಸೆ ತಡೆಹಿಡಿಯುವುದಕ್ಕೇ ಹೊರತು ಗುಣಪಡಿಸುವುದಕ್ಕಲ್ಲ ಎಂದು ವೈದ್ಯರು ಮುಚ್ಚಿಡದೆ ಹೇಳಿದರು. ಅದನ್ನು ಕೇಳಿ ಬಂದ ವಾರವೇ ಆಕೆ, ಮಳೆಗಾಲ ಮುಗಿಯುವುದರೊಳಗೆ ಜೋಗ ನೋಡಬೇಕು, ನೀವೆಲ್ಲ ಬನ್ನಿ ಎಂದರು. ಮಗ ಬೇಡವೆಂದ. ಅವನ ಮಾತನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಔಷಧಕ್ಕಾಗಿ ಊರಿನ ಗದ್ದೆ ಮಾರಿದ ಹಣ ಖರ್ಚಾಗುತ್ತಿರುವಾಗ, ನಾಳೆ ಇನ್ನೊಂದು ದುಬಾರಿ ಔಷಧ ಬೇಕಾದೀತು ಎಂದು ಲೆಕ್ಕ ಹಾಕುವವನು ತಾಯಿಯನ್ನು ಉಳಿಸಿಕೊಳ್ಳಲೆಂದೇ ಹಾಕುತ್ತಾನೆ. ದಾರಿಯಲ್ಲಿ ಜ್ವರ ಬಂದರೆ ಏನು ಗತಿ ಎಂಬುದೂ ಸುಳ್ಳು ಭಯವಲ್ಲ. ನಮ್ಮಲ್ಲಿಬ್ಬರು ಅವನ ಪಕ್ಷವಹಿಸಿದರು.

ಉಳಿದವರು ಹೀಗೆ ವಾದಿಸಿದೆವು: ಹಣವನ್ನು ಆಯುಷ್ಯಕ್ಕಾಗಿ ಖರ್ಚು ಮಾಡುತ್ತಿದ್ದೇವೆ, ಸರಿ. ಆ ಆಯುಷ್ಯ ಯಾವುದಕ್ಕಾಗಿ? ಇನ್ನಷ್ಟು ಔಷಧ ತೆಗೆದುಕೊಳ್ಳುವುದಕ್ಕೆ ಮಾತ್ರವೇ? ರೈಲ್ವೆಯವರ ನಿಯಮ ಈ ವಿಷಯದಲ್ಲಿ ಬಹಳ ಸ್ಪಷ್ಟ. ಕ್ಯಾನ್ಸರ್ ರೋಗಿ ಚಿಕಿತ್ಸೆಗೋ ತಪಾಸಣೆಗೋ ಹೋಗುವುದಾದರೆ ಸ್ಲೀಪರ್ ಡಬ್ಬಿಯಲ್ಲಿ ಟಿಕೆಟಿನ ಹಣ ಪೂರಾ ಮಾಫಿ, ಜೊತೆಗೆ ಹೋಗುವವರಿಗೂ ಮುಕ್ಕಾಲು ಪಾಲು ರಿಯಾಯಿತಿ. ಜಲಪಾತ ನೋಡಲು ಹೋದರೆ ಒಂದು ಪೈಸೆಯೂ ಇಲ್ಲ. ಸರಕಾರದ ನಿಯಮ ಹಾಗಲ್ಲದೆ ಬೇರೆ ಹೇಗಿದ್ದೀತು? ಆದರೆ ಮನೆಯವರೂ ಗೆಳತಿಯರೂ ಅದೇ ನಿಯಮದಂತೆ ನಡೆದರೆ, ರೋಗಿಗೆ ಆಸ್ಪತ್ರೆಯ ಹೊರತು ಹೋಗಲು ಬೇರೆ ಊರೇ ಇಲ್ಲವಾಗುತ್ತದೆ. ಹಣದ ಮಾತಿಗೂ ಉತ್ತರ ಸಿಕ್ಕಿತು: ಔಷಧದ ಗಂಟನ್ನು ಮುಟ್ಟುವುದಿಲ್ಲ, ಖರ್ಚನ್ನು ಐವರೂ ಹಂಚಿಕೊಳ್ಳುತ್ತೇವೆ. ತಮ್ಮ ಪಾಲನ್ನು ತಾವೇ ಕೊಡುವುದಾಗಿ ಆಕೆ ಹಟ ಹಿಡಿದರು. ಎರಡು ಬೆಳ್ಳಿ ಲೋಟ ಮಾರಿದರೆಂದು ಆ ಮೇಲೆ ತಿಳಿಯಿತು. ನಿರ್ಧಾರ ಕೊನೆಗೂ ಆಕೆಯದೇ ಎಂಬುದನ್ನು ಮಗ ಒಪ್ಪಿದ. ಮನಸ್ಸಿನಿಂದ ಒಪ್ಪಿದನೋ ಇಲ್ಲವೋ, ವೈದ್ಯರ ಚೀಟಿ, ಜ್ವರದ ಮಾತ್ರೆ, ಹೊನ್ನಾವರ ಶಿವಮೊಗ್ಗಗಳ ಆಸ್ಪತ್ರೆಗಳ ಫೋನ್ ನಂಬರು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟವನು ಅವನೇ.

ಆಗಸ್ಟಿನಲ್ಲಿ ಕೊಂಕಣ ರೈಲಿನಲ್ಲಿ ಹೊರಟೆವು. ಆಕೆ ಉಟ್ಟದ್ದು ಇಳಕಲ್ ಸೀರೆ, ಜೇಬಿನ ರವಿಕೆ, ಬಲಗೈ ತುಂಬ ಬಳೆ. ಬೆನ್ನುನೋವಿಗೆಂದು ಕೆಳಗಿನ ಬರ್ತನ್ನು ಬಿಟ್ಟುಕೊಟ್ಟೆವು. ಬೆಳಗ್ಗೆ ಕಿಟಕಿಯ ಬಳಿ ಯಾರು ಕೂರಬೇಕೆಂದು ನಡೆದ ಜಗಳದಲ್ಲಿ ಮಾತ್ರ ಯಾರೂ ರಿಯಾಯಿತಿ ತೋರಿಸಲಿಲ್ಲ. ಕಾರವಾರದವರೆಗೆ ಒಬ್ಬರು, ಅಲ್ಲಿಂದ ಅಂಕೋಲೆಯವರೆಗೆ ಇನ್ನೊಬ್ಬರು ಎಂದು ಸರದಿ ಹಾಕಿಕೊಂಡೆವು. ಆಕೆಯ ಸರದಿ ಬಂದಾಗ ಗಾಡಿ ಸುರಂಗದೊಳಗಿತ್ತು. ಅದು ಲೆಕ್ಕಕ್ಕಿಲ್ಲವೆಂದು ಆಕೆ ಹೊನ್ನಾವರದವರೆಗೂ ಎದ್ದೇಳಲಿಲ್ಲ.