ಕೋಶವೂ ವ್ರತವೂ

ಒಬ್ಬನಿಂದ ಉಪಕಾರವನ್ನು ಪಡೆದವನು, ಆ ಉಪಕಾರಕ್ಕೆ ಮೂಲವಾದ ಶ್ರದ್ಧೆಯನ್ನೂ ಒಪ್ಪಬೇಕೆ? ಒಪ್ಪದ ಪಕ್ಷದಲ್ಲಿ, ಅದು ಇರಲೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಯುಕ್ತವೆ? ಈ ಪ್ರಶ್ನೆಯು ನನ್ನ ಮನಸ್ಸನ್ನು ಬಹುಕಾಲದಿಂದ ಬಾಧಿಸುತ್ತಿರುವುದು. ಇದಕ್ಕೆ ನಿಮಿತ್ತವಾದ ವಸ್ತುವು ವಾಚಕರಲ್ಲಿ ಅನೇಕರ ಮನೆಯ ಬೀರುವಿನಲ್ಲಿಯೂ ಇದ್ದೀತು. ಫರ್ಡಿನೆಂಡ್ ಕಿಟೆಲ್ ಎಂಬ ಜರ್ಮನ್ ಪಾದ್ರಿಗಳು ರಚಿಸಿ, 1894ನೆಯ ಇಸವಿಯಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ಕೋಶವೇ ಅದು.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಆ ಗ್ರಂಥವನ್ನು ಮನೆಯೊಳಕ್ಕೆ ಸೇರಿಸುತ್ತಿರಲಿಲ್ಲ. ಆದರೆ ಹಳಗನ್ನಡದ ಯಾವುದಾದರೊಂದು ಶಬ್ದವು ತೊಡಕಾದಾಗ, "ಹೋಗಯ್ಯ, ಹೈಸ್ಕೂಲಿನಲ್ಲಿ ಆ ಪಾದ್ರಿಯ ಪುಸ್ತಕವುಂಟಲ್ಲ, ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡು ಬಾ" ಎನ್ನುತ್ತಿದ್ದರು. ಅರ್ಥವು ಒಳಗೆ ಬರಬಹುದು, ಪುಸ್ತಕವು ಬರಕೂಡದು. ಮುಂದೆ ನಾನು ಉಪಾಧ್ಯಾಯನಾದ ಮೇಲೆ ಪುಸ್ತಕವನ್ನೇನೋ ಮೇಜಿನ ಮೇಲೆಯೇ ಇಟ್ಟುಕೊಂಡೆನು. ಆದರೆ ತರಗತಿಯಲ್ಲಿ ನಾನು ಆಡುತ್ತಿದ್ದ ಮಾತು ಗುರುಗಳ ಚೀಟಿಗಿಂತ ಹೆಚ್ಚು ಬೇರೆಯಾಗಿರಲಿಲ್ಲ: "ಮತಪ್ರಚಾರಕ್ಕೆಂದು ಬಂದವರೇನೋ ಹೌದು, ಅದನ್ನು ಬಿಟ್ಟು ಕನ್ನಡದ ಸೇವೆ ಮಾಡಿದರು." ಒಂದು ವರ್ಷ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕ್ರೈಸ್ತ ಹುಡುಗನೊಬ್ಬನು ಎದ್ದು ನಿಂತು, "ಸಾರ್, ಆ ನಂಬಿಕೆ ಇಲ್ಲದಿದ್ದರೆ ಅವರು ಈ ಕಡೆಗೆ ಬರುತ್ತಲೇ ಇರಲಿಲ್ಲವಲ್ಲ?" ಎಂದು ಕೇಳಿದನು. ಕುಳಿತುಕೊ ಎಂದು ಹೇಳಿ ಪಾಠವನ್ನು ಮುಂದುವರಿಸಿದೆನು. ಉತ್ತರವು ತಿಳಿದಿದ್ದು ಹೇಳದೆಹೋದ ಪ್ರಸಂಗಗಳು ಉಪಾಧ್ಯಾಯವೃತ್ತಿಯಲ್ಲಿ ಬೇಕಾದಷ್ಟುಂಟು. ಅವುಗಳಲ್ಲಿ ಇದೊಂದು ಮಾತ್ರ ನನ್ನನ್ನು ಬಿಟ್ಟುಹೋಗಲಿಲ್ಲ.

ಕಿಟೆಲ್ಲರು 1832ರಲ್ಲಿ ಜರ್ಮನಿಯ ಉತ್ತರತೀರದ ಪೂರ್ವ ಫ್ರಿಸಿಯಾ ಪ್ರಾಂತದಲ್ಲಿ ಒಬ್ಬ ಧರ್ಮೋಪದೇಶಕರ ಮಗನಾಗಿ ಹುಟ್ಟಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯದಲ್ಲಿ ಶಿಕ್ಷಣವನ್ನು ಹೊಂದಿ 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗನನ್ನು ಪಕ್ಕದ ಜಿಲ್ಲೆಗೆ ಕಳುಹಿಸುವಾಗಲೂ ತಾಯಿಯು ನಾಲ್ಕು ಸಲ ಬಾಗಿಲಿಗೆ ಬರುವಳು. ಆ ತರುಣನು ಕೈಕೊಂಡ ನಿಯಮಗಳನ್ನು ನೋಡಿದರೆ ನಮ್ಮ ಗುರುಕುಲದ ಬ್ರಹ್ಮಚರ್ಯವು ನೆನಪಿಗೆ ಬರುವುದು. ಬಾಸೆಲಿನ ಕಮಿಟಿಯ ಆಜ್ಞೆಗೆ ಅಧೀನನಾಗಿರಬೇಕು; ಅದರ ಅಪ್ಪಣೆಯಿಲ್ಲದೆ ವಿವಾಹವಾಗಕೂಡದು; ಮಾಡಿದ ಕೆಲಸದ ವರದಿಯನ್ನು ಕಾಲಕಾಲಕ್ಕೆ ಬರೆದು ಕಳುಹಿಸಬೇಕು. ಮೊದಲು ಭಾಷಾಭ್ಯಾಸ, ಬಳಿಕ ಸಂತೆ, ಜಾತ್ರೆಗಳಲ್ಲಿ ಉಪದೇಶ. ಬಿಸಿಲು, ಜ್ವರ, ಕೇಳುವವರ ಪರಿಹಾಸ್ಯ, ಇವುಗಳ ನಡುವೆ ಬೆಳಗ್ಗೆ ಎದ್ದು ಪ್ರಾರ್ಥನೆ ಮಾಡಿ ಮತ್ತೆ ಅದೇ ಸಂತೆಗೆ ಹೋಗಬೇಕು. ಫಲವು ಕಣ್ಣಿಗೆ ಕಾಣದಿದ್ದರೂ ಹೋಗಬೇಕು.

ಯಾರಲ್ಲಿಗೆ ಹೋಗುವೆಯೋ ಅವರಂತೆ ಆಗು ಎಂಬುದು ಅವರ ಮತದ ಆದಿಪ್ರಚಾರಕನಾದ ಪೌಲನ ನಡೆಯಿಂದ ಕಿಟೆಲ್ಲರು ಕಲಿತ ಪಾಠ. ಆ ಪಾಠವನ್ನು ಅವರು ಮಿಕ್ಕವರಿಗಿಂತ ಹೆಚ್ಚಾಗಿಯೇ ನಂಬಿದರು. ಇಲ್ಲಿಯ ನುಡಿ, ಆಚಾರ, ಸಂಗೀತಗಳಲ್ಲಿ ಅವರು ತೊಡಗಿದ ಪರಿಯನ್ನು ಕಂಡು ಮಿಷನ್ನಿನವರೇ ಕಠಿಣವಾಗಿ ಆಕ್ಷೇಪಿಸಿದರು. ಅವರನ್ನು ದೂರದ ಮಡಿಕೇರಿಗೆ ಕಳುಹಿಸಿದುದೂ ಉಂಟು. ಕಮಿಟಿಯವರ ಪಕ್ಷವನ್ನು ನಾವು ಹಗುರವಾಗಿ ತಳ್ಳಿಬಿಡಲಾಗದು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಅಂಗಪ್ರಧಾನವಿಚಾರವೇ. ಜುಹುವು ಹೋಮಕ್ಕಾಗಿಯೇ ಹೊರತು ಹೋಮವು ಜುಹುವಿಗಾಗಿಯಲ್ಲ. ಉಪದೇಶವು ಪ್ರಧಾನ, ಭಾಷೆಯು ಅಂಗ. ಅಂಗವೇ ಬೆಳೆದು ಪ್ರಧಾನವನ್ನು ಮರೆಮಾಡಿದರೆ ವ್ರತವು ಉಳಿಯಿತೆ?

ಉಳಿಯಲಿಲ್ಲ, ಅವರು ವ್ರತವನ್ನು ಬಿಟ್ಟು ನಮ್ಮವರಾದರು ಎಂಬುದು ನಾನು ತರಗತಿಯಲ್ಲಿ ಹೇಳುತ್ತಿದ್ದ ಉತ್ತರ. ಬೆಂಗಳೂರಿನ ಮಹಾತ್ಮಾಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನೋಡಿ ಕೈಮುಗಿಯುವವರಲ್ಲಿಯೂ ಅನೇಕರ ಉತ್ತರವು ಇದೇ. ಆದರೆ ಅವರ ಗ್ರಂಥಗಳು ಈ ಸಾಕ್ಷ್ಯವನ್ನು ಕೊಡುವುದಿಲ್ಲ. 1862ರ 'ಕಥಾಮಾಲೆ'ಯಲ್ಲಿ ಅವರು ಇಲ್ಲಿಯ ಛಂದಸ್ಸಿನಲ್ಲಿ ಹಾಡಿದುದು ಯೇಸುವಿನ ಚರಿತ್ರೆಯನ್ನು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಪರಿಷ್ಕರಿಸಿ ಪ್ರಕಟಿಸಿದ 1872ನೆಯ ಇಸವಿಯಲ್ಲಿಯೇ ನಮ್ಮ ಯಜ್ಞವಿಚಾರವನ್ನು ಕುರಿತ ಪ್ರಚಾರಗ್ರಂಥವೊಂದನ್ನೂ ಪ್ರಕಟಿಸಿದರು. ನಾಗವರ್ಮನ 'ಛಂದೋಂಬುಧಿ'ಯು ಬಂದುದು 1875ರಲ್ಲಿ. ಒಂದೇ ಮೇಜು, ಒಂದೇ ದೀಪ, ಒಂದೇ ಲೇಖನಿ. ಇದು ಪಾದ್ರಿಯ ಹೊತ್ತು, ಇದು ಪಂಡಿತನ ಹೊತ್ತು ಎಂದು ನಾವು ಹೇಗೆ ಹಂಚುವುದು? ಸುಮಾರು 70,000 ಶಬ್ದಗಳನ್ನು, ಗಾದೆಗಳ ಸಮೇತ, ಪಂಡಿತರ ನೆರವಿನಿಂದ ದಶಕಗಳ ಕಾಲ ಕೂಡಿಹಾಕುವುದಕ್ಕೆ ಬೇಕಾದುದು ಬರಿಯ ಭಾಷಾಪ್ರೇಮವಲ್ಲ. ನಾನೂ ಭಾಷೆಯನ್ನು ಪ್ರೀತಿಸಿದವನೇ. ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಪಟ್ಟಿಮಾಡಬೇಕೆಂದು ಹೊರಟು 'ಕ'ಕಾರವನ್ನೂ ಮುಗಿಸದೆ ನಿಲ್ಲಿಸಿದೆನು. ಪ್ರತಿದಿನವೂ ಯಾರಿಗೋ ಲೆಕ್ಕ ಒಪ್ಪಿಸಬೇಕೆಂಬ ಭಾವನೆಯು ನನಗಿರಲಿಲ್ಲ, ಅವರಿಗಿತ್ತು. ಹೀಗಿರಲಾಗಿ ಶ್ರದ್ಧೆಯನ್ನು ಕಳೆದು ಕೋಶವನ್ನು ಮಾತ್ರ ಇಟ್ಟುಕೊಳ್ಳುವ ಲೆಕ್ಕವು ನನಗೆ ಸರಿಯಾಗಿ ಕಾಣುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆ ಶ್ರದ್ಧೆಯಿಂದ ನಮ್ಮವರಿಗಾದ ನೋವನ್ನು ಮರೆಯಬೇಕೆಂದು ಅರ್ಥವಲ್ಲ. ಕಿಟೆಲ್ಲರು ಬರುವುದಕ್ಕೆ ಒಂಬತ್ತು ವರ್ಷಗಳ ಮುಂಚೆ, 1844ರಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣನಾದ ಆನಂದರಾವ್ ಕೌಂಡಿನ್ಯನು ಹರ್ಮನ್ ಮೋಗ್ಲಿಂಗರ ಪ್ರಭಾವದಿಂದ ಕ್ರೈಸ್ತನಾದನು. ಆಗ ಊರಿನಲ್ಲಿ ಎದ್ದ ಕೋಲಾಹಲವು ಪ್ರಸಿದ್ಧವೇ. ಆತನು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ತಾನೇ ಮಿಷನರಿಯಾಗಿ ಹಿಂದಿರುಗಿದನು. ಆ ಮನೆಯ ಹಿರಿಯರ ಸ್ಥಾನದಲ್ಲಿ ನನ್ನನ್ನು ನಾನು ಇಟ್ಟು ನೋಡಿದರೆ ಎದೆಯು ಭಾರವಾಗುವುದು. ಅವರಿಗೆ ಕೋಶದ ಮಹಿಮೆಯನ್ನು ಹೇಳಿ ಸಮಾಧಾನಪಡಿಸಲು ಯಾರಿಂದ ಸಾಧ್ಯ? ಆದರೆ ತನ್ನ ಅಂತಃಕರಣವು ಹೇಳಿದಂತೆ ನಡೆದ ಆ ತರುಣನನ್ನು ದೂಷಿಸಲು ಹೋದರೆ, ಮನೆಬಿಟ್ಟು ಹೊರಟ ನಮ್ಮ ಸಂನ್ಯಾಸಿಗಳ ತಾಯಂದಿರು ನೆನಪಿಗೆ ಬಂದು ನಾಲಗೆಯು ತಡೆಯುವುದು. ಸಂನ್ಯಾಸಿಯು ಧರ್ಮವನ್ನು ಬಿಡಲಿಲ್ಲವೆಂದು ಕೆಲವರು ಹೇಳುವರು. ಅದು ನಿಜ. ಬಾಗಿಲಲ್ಲಿ ನಿಂತ ತಾಯಿಗೆ ಆ ಭೇದವು ಎಷ್ಟು ದೊಡ್ಡದೆಂದು ನಾನರಿಯೆನು.

ಕಿಟೆಲ್ಲರ ಮತವನ್ನು ನಾನು ಒಪ್ಪಿದವನಲ್ಲ. ಈ ವಯಸ್ಸಿನಲ್ಲಿ ಒಪ್ಪುವವನೂ ಅಲ್ಲ. ಅವರು ಬದುಕಿದ್ದು ನನ್ನ ಜಗಲಿಗೆ ಬಂದಿದ್ದರೆ, ನನ್ನನ್ನು ಬದಲಾಯಿಸುವುದಕ್ಕೆಂದೇ ಬರುತ್ತಿದ್ದರು. ನಾನೂ ಬಿಡದೆ ವಾದಮಾಡುತ್ತಿದ್ದೆನು. ಉಪಕಾರಿಯೊಡನೆ ವಾದಮಾಡುವುದು ಕೃತಘ್ನತೆಯಲ್ಲವೆಂದೇ ನನ್ನ ಮತ. ಆತನ ಬಾಯಿಯನ್ನು ಮುಚ್ಚಿ ಮಾಲೆಯನ್ನು ಹಾಕುವುದರಲ್ಲಿ ಮಾತ್ರ ಕೃತಘ್ನತೆಯ ಅಂಶವು ಸೇರಿರುವುದು.

ಹೋದ ಬೇಸಗೆಯಲ್ಲಿ ನನ್ನ ಮೊಮ್ಮಗನು ಯಾವುದೋ ಶಬ್ದವನ್ನು ಹುಡುಕುವುದಕ್ಕಾಗಿ ಆ ಕೋಶವನ್ನು ತೆಗೆದನು. ಶಬ್ದಕ್ಕೆ ಮುಂಚೆ ಮುಖಪುಟವನ್ನು ಓದು ಎಂದೆನು. ಗ್ರಂಥಕರ್ತರ ಹೆಸರಿನ ಮುಂದೆ ಬಿ. ಜಿ. ಇ. ಎಂ. ಎಂಬ ನಾಲ್ಕು ಅಕ್ಷರಗಳಿವೆ. "ಇದು ಯಾವ ಡಿಗ್ರಿ, ತಾತ?" ಎಂದು ಕೇಳಿದನು. ಡಿಗ್ರಿಯಲ್ಲವೆಂದೂ, ಬಾಸೆಲ್ ಜರ್ಮನ್ ಇವ್ಯಾಂಜಲಿಕಲ್ ಮಿಷನ್ ಎಂಬ ಸಂಸ್ಥೆಯ ಹೆಸರೆಂದೂ ಬಿಡಿಸಿ ಹೇಳಿದೆನು. ಅವರು ಯಾರು, ಏತಕ್ಕೆ ಬಂದರು ಎಂದು ಅವನು ಕೇಳುತ್ತ ಹೋದನು. ನಾನು ಹೇಳುತ್ತ ಹೋದೆನು. ಅಷ್ಟು ಹೊತ್ತಿಗೆ ದೀಪ ಹಚ್ಚುವ ಸಮಯವಾಯಿತು. ಅವನಿಗೆ ಬೇಕಾಗಿದ್ದ ಶಬ್ದವನ್ನು ಊಟವಾದ ಮೇಲೆ ನೋಡಿದೆವು.