ಗಾದೆ ಕಲಿಸುವಾಗ

ತುಂಗಭದ್ರಾ ಕಾಲುವೆಯ ನೀರು 1950ರ ದಶಕದಲ್ಲಿ ಹರಿದ ಮೇಲೆ ಆಂಧ್ರದ ರೈತರು ಗಂಗಾವತಿ ಸೀಮೆಗೆ ಬಂದು ಕ್ಯಾಂಪು ಕಟ್ಟಿಕೊಂಡರು. ಆ ತೆಲುಗು ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ವ್ಯಾಕರಣಕ್ಕಿಂತ ಮೊದಲು ಹಿಡಿಯುವುದು ಗಾದೆಗಳನ್ನು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದರೆ ಸಾಕು, ಊರವರೇ ಆದಷ್ಟು ಹಿಗ್ಗು.

ಅದೇ ಹಿಗ್ಗಿನಲ್ಲಿ ಒಬ್ಬ ಹುಡುಗಿ ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗ’ ಎಂದಳು. ಹುಡುಗರು ನಕ್ಕರು; ಅವಳೂ ನಕ್ಕಳು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ! ನಾನಂತೂ ಒಪ್ಪಲಾರೆ. ಹಾಗೆಂದು ಮುಚ್ಚಿಡಬೇಕೆ? ಅರ್ಥ ತಿಳಿಯದಿದ್ದರೆ ನಾಳೆ ಯಾರೋ ತನ್ನನ್ನೇ ಹೀಗಂದಾಗಲೂ ಅವಳು ನಗುತ್ತ ನಿಂತಾಳು. ತಿಳಿಯುವುದು ಬೇರೆ, ಆಡುವುದು ಬೇರೆ. ಅರ್ಥ ಬರೆಸಿದೆ, ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದು ಮಾತ್ರ ಹೇಳಲಿಲ್ಲ.

ಬರೆಯುತ್ತಲೇ ಅವಳು ಕೇಳಿದಳು: “ಗಂಡಸರ ಬುದ್ಧಿಗೆ ಗಾದಿ ಇಲ್ಲೇನ್ರಿ, ಅಕ್ಕೋರ?”